ಕಾಂಟ್ರಾ, ಮಾರಿಯೋ ಗೇಮ್ ಮ್ಯೂಸಿಕ್ ರಾಕ್ ಬ್ಯಾಂಡ್‌ನಲ್ಲಿ ನುಡಿಸಿದರೆ ಯಾಕೆ ಸಪ್ಪೆ ಆಗುತ್ತಿದೆ?

ದುರ್ಗಿಗುಡಿ_ಗಿಟಾರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ನಾಲ್ಕು ಜನ. ಎರಡು ಗಿಟಾರ್, ಒಂದು ಬಾಸ್, ಒಂದು ಡ್ರಮ್ಸ್. ಎಲ್ಲರಿಗೂ ನಲವತ್ತರ ಆಸುಪಾಸು. ಬಾಸ್‌ನವನು ತೀರ್ಥಹಳ್ಳಿ ಕಡೆ ಮೇಷ್ಟ್ರು, ಡ್ರಮ್ಮರ್ ಭದ್ರಾವತಿಯಿಂದ ಬರುತ್ತಾನೆ, ನಾವಿಬ್ಬರು ಶಿವಮೊಗ್ಗದವರೇ. ಪ್ರಾಕ್ಟೀಸ್ ಮಂಡಗದ್ದೆ ಹತ್ತಿರ ಒಂದು ಅಡಿಕೆ ಗೋದಾಮಿನಲ್ಲಿ. ದೀಪಾವಳಿ ಹೊತ್ತಿಗೆ ಕೊಯ್ಲು ಶುರುವಾದರೆ ಜಾಗ ಬಿಟ್ಟುಕೊಡಬೇಕು. ಮೇಲೆ ತಗಡು. ಮಳೆ ಜೋರಾದರೆ ಡ್ರಮ್ಸೇ ಕೇಳಿಸುವುದಿಲ್ಲ, ಇನ್ನು ಗಿಟಾರ್ ಎಲ್ಲಿ ಬಂತು.

ಡಿಸೆಂಬರ್‌ನಲ್ಲಿ ಹಳೇ ವಿದ್ಯಾರ್ಥಿಗಳ ಕೂಟ ಇದೆ, ಶಿವಮೊಗ್ಗದಲ್ಲೇ. ನಮಗೆ 25 ನಿಮಿಷ ಕೊಟ್ಟಿದ್ದಾರೆ. ಪ್ರತಿ ಸಲ ಅದೇ ಸಿನಿಮಾ ಹಾಡು ನುಡಿಸಿ ಸಾಕಾಗಿದೆ. ಬರುವವರೆಲ್ಲ ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಆಡಿದವರು. ಬೇಸಿಗೆ ರಜೆಯಲ್ಲಿ ಒಂದು ಮನೆಯಲ್ಲಿ ಸೆಟ್ ಇದ್ದರೆ ಇಡೀ ಬೀದಿ ಮಕ್ಕಳು ಅಲ್ಲೇ. ಕ್ಯಾಸೆಟ್ ಊದಿ ಊದಿ ಹಾಕಿದ ನೆನಪು ಯಾರಿಗಿಲ್ಲ? ಅದಕ್ಕೇ ಈ ಸಲ ಬರೀ ಗೇಮ್ ಮ್ಯೂಸಿಕ್ ನುಡಿಸೋಣ ಅಂತ ಹೊರಟೆವು.

ಮೊದಲು ಕಾಂಟ್ರಾ ಅನ್ನುವ ಗುಂಡು ಹಾರಿಸುವ ಆಟದ ಮೊದಲ ಸ್ಟೇಜ್ ಟ್ಯೂನ್ ತೆಗೆದುಕೊಂಡೆವು. ಸ್ವರ ಎಲ್ಲ ಸರಿ ಇದೆ. ಆದರೂ ಸಪ್ಪೆ. ಉಪ್ಪಿಲ್ಲದ ಗಂಜಿ.

ಮೊದಲ ಜಗಳ ವೇಗದ್ದು. ಮೊಬೈಲ್‌ನಲ್ಲಿ ಹಾಕಿ ಕೇಳಿದರೆ ಮ್ಯೂಸಿಕ್ ಓಡುತ್ತಿದೆ. ನನ್ನ ತಲೆಯಲ್ಲಿರುವ ಕಾಂಟ್ರಾ ಅಷ್ಟು ಓಡುವುದಿಲ್ಲ. ಬಾಸ್‌ನವನೂ ಆಣೆ ಮಾಡಿ ಹಾಗೇ ಹೇಳುತ್ತಾನೆ. ಡ್ರಮ್ಮರ್ ಮಾತ್ರ "ನಿಮಗೆ ವಯಸ್ಸಾಯ್ತು, ಕೈ ಓಡಲ್ಲ, ಅದಕ್ಕೆ ಹೀಗೆ ಹೇಳ್ತೀರಿ" ಅನ್ನುತ್ತಾನೆ. ಎರಡನೆಯದು, ಎರಡನೇ ಗಿಟಾರ್‌ಗೆ ಏನು ಕೊಡಬೇಕು ಗೊತ್ತಾಗುತ್ತಿಲ್ಲ. ಕೆಲವು ಕಡೆ ಅದೇ ರಾಗದ ನಕಲು ಬರುತ್ತದೆ, ಇನ್ನು ಕೆಲವು ಕಡೆ ಗರಗರ ಅಂತ ಮೂರು ಸ್ವರ ಎಷ್ಟು ಬೇಗ ತಿರುಗುತ್ತವೆ ಅಂದರೆ ಮನುಷ್ಯರ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ಮೂರನೆಯದು, ಒಂದು ನಿಮಿಷ ಆಗುವಷ್ಟರಲ್ಲಿ ಟ್ಯೂನ್ ಮುಗಿದು ಮತ್ತೆ ಮೊದಲಿನಿಂದ. ನಾಲ್ಕು ಸುತ್ತು ನುಡಿಸಿದರೆ ನಮಗೇ ಆಕಳಿಕೆ. ಹಾಡುವವರು ಬೇರೆ ಇಲ್ಲ. ಆಟ ಆಡುವಾಗ ಅರ್ಧ ಗಂಟೆ ಅದೇ ಟ್ಯೂನ್ ಕೇಳಿದರೂ ಬೋರ್ ಆಗುತ್ತಿರಲಿಲ್ಲ, ಸ್ಟೇಜ್ ಮೇಲೆ ಯಾಕೆ ಆಗುತ್ತದೆ?

ಯಾರಾದರೂ ಇಂಥದ್ದು ಮಾಡಿದವರು ಇದ್ದರೆ ಹೇಳಿ.


ಸಾಗರದ_ರಿಪೇರಿ:

ನಿಮಗೆ ವಯಸ್ಸಾಗಿಲ್ಲ ಅಂತ ಡ್ರಮ್ಮರ್‌ಗೆ ಹೇಳಿ. ಅಂದರೆ ಆಗಿದೆ, ಆದರೆ ಈ ವಿಷಯದಲ್ಲಿ ನೀವು ಹೇಳುತ್ತಿರುವುದು ಸರಿ.

ನಾನು ಮೊದಲು ಟಿವಿ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ಈ ಗೇಮ್ ಸೆಟ್‌ಗಳನ್ನು ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಲ್ಲ. ನಾವು ಆಡಿದ್ದು ಹೆಚ್ಚಿನದು ನಕಲು ಸೆಟ್. ಅಸಲಿ ಅಂದರೆ ನಿಂಟೆಂಡೋ ಕಂಪನಿಯವರ ಫ್ಯಾಮಿಕಾಮ್. ಅದು ಜಪಾನಿನಲ್ಲಿ 1983ರಲ್ಲಿ ಬಂತು, ಅಮೆರಿಕಕ್ಕೆ 1985ರಲ್ಲಿ ಎನ್‌ಇಎಸ್ ಅನ್ನುವ ಹೆಸರಿನಲ್ಲಿ ಹೋಯಿತು. ಅಲ್ಲಿನ ಟಿವಿಗಳು ಸೆಕೆಂಡಿಗೆ 60 ಸಲ ಪರದೆ ಬರೆಯುತ್ತವೆ. ನಮ್ಮ ಟಿವಿಗಳು, ಪಾಲ್ ಅನ್ನುವ ಪದ್ಧತಿಯವು, 50 ಸಲ. ಆಟದ ಒಳಗೆ ಸಂಗೀತ ನಡೆಸುವ ಪ್ರೋಗ್ರಾಂ ಸಾಮಾನ್ಯವಾಗಿ ಪರದೆ ಒಂದು ಸಲ ಬರೆದರೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜಪಾನ್, ಅಮೆರಿಕದ ಆಟವನ್ನು ಹಾಗೇ ತಂದು ಪಾಲ್ ಸೆಟ್‌ಗೆ ಹಾಕಿದರೆ ಏನಾಗುತ್ತದೆ? ಆಟವೂ ನಿಧಾನ, ಸಂಗೀತವೂ ನಿಧಾನ. ಅಲ್ಲಿ ಒಂದು ನಿಮಿಷದ ಟ್ಯೂನ್ ಇಲ್ಲಿ 72 ಸೆಕೆಂಡ್. ನೀವು ಮೊಬೈಲ್‌ನಲ್ಲಿ ಕೇಳುತ್ತಿರುವುದು 60ರ ವೇಗದ್ದು. ನಿಮ್ಮ ತಲೆಯಲ್ಲಿ ಕೂತಿರುವುದು 50ರದ್ದು.

ಇದರಲ್ಲಿ ಒಂದು ತಮಾಷೆ ಇದೆ. ವೇಗ ಕಡಿಮೆ ಆದರೂ ಶ್ರುತಿ ಇಳಿದ ನೆನಪು ನಿಮಗಿಲ್ಲ ಅಲ್ವಾ? ಟೇಪ್ ನಿಧಾನ ಓಡಿದರೆ ದನಿ ಗೊಗ್ಗರಾಗುವ ಹಾಗೆ ಇಲ್ಲಿ ಆಗುವುದಿಲ್ಲ. ಶ್ರುತಿ ಬರುವುದು ಚಿಪ್ಪಿನ ಗಡಿಯಾರದಿಂದ, ವೇಗ ಬರುವುದು ಪರದೆಯಿಂದ. ಅಸಲಿ ಸೆಟ್‌ನ ಚಿಪ್ 1.79 ಮೆಗಾಹರ್ಟ್ಜ್. ಪಾಲ್ ಟಿವಿಗೆ ಅಂತಲೇ ಮಾಡಿದ ನಕಲು ಸೆಟ್‌ಗಳಿಗೆ ಬರುತ್ತಿದ್ದ ತೈವಾನಿನ ಯುಎಂಸಿ ಚಿಪ್ 1.77. ವ್ಯತ್ಯಾಸ ಅರ್ಧ ಸ್ವರದ ಆರನೇ ಒಂದು ಭಾಗದಷ್ಟು, ಕಿವಿಗೆ ಗೊತ್ತೇ ಆಗುವುದಿಲ್ಲ. ಆದರೆ ನಿಂಟೆಂಡೋದವರೇ ಯುರೋಪಿಗೆ ಕೊಟ್ಟ ಅಸಲಿ ಪಾಲ್ ಸೆಟ್ 1.66. ಅದರಲ್ಲಿ ಶ್ರುತಿಯೂ ಅರ್ಧ ಸ್ವರಕ್ಕಿಂತ ಜಾಸ್ತಿ ಇಳಿಯುತ್ತದೆ. ನಕಲು ಮಾಡಿದವರು ಈ ಒಂದು ವಿಷಯದಲ್ಲಿ ಅಸಲಿಯವರಿಗಿಂತ ಒಳ್ಳೆ ಕೆಲಸ ಮಾಡಿದ್ದಾರೆ, ನನ್ನ ಅಭಿಪ್ರಾಯ.

ಎಲ್ಲ ಸರಿ ಮಾಡಲಿಲ್ಲ ಅನ್ನಿ. ಕೆಲವು ನಕಲು ಚಿಪ್ಪುಗಳಲ್ಲಿ ನಾದದ ಎರಡು ಬಗೆ ಅದಲುಬದಲು ಆಗಿವೆ. ತೆಳು ನಾದ ಬರಬೇಕಾದ ಕಡೆ ತುಂಬು ನಾದ, ತುಂಬು ನಾದದ ಕಡೆ ತೆಳು. ಅದಕ್ಕೇ ಅಸಲಿ ರೆಕಾರ್ಡಿಂಗ್ ಕೇಳಿದಾಗ "ಏನೋ ಬೇರೆ ಇದೆ" ಅನಿಸುತ್ತದೆ.

ಇನ್ನು ಆ ಗರಗರ. ಚಿಪ್ಪಿನಲ್ಲಿ ಇರುವುದು ಐದೇ ದಾರಿ. ಎರಡು ಚೌಕ ಅಲೆ, ಒಂದು ತ್ರಿಕೋನ ಅಲೆ, ಒಂದು ಬರೀ ಗದ್ದಲ, ಒಂದು ಚಿಕ್ಕ ಚಿಕ್ಕ ರೆಕಾರ್ಡಿಂಗ್ ತುಣುಕು ಹಾಕುವುದಕ್ಕೆ. ಒಂದು ದಾರಿಯಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ, ಬೇಕಾದಾಗ ಏನು ಮಾಡುವುದು? ಮೂರು ಸ್ವರವನ್ನು ಒಂದರ ಹಿಂದೆ ಒಂದು ಗಿರಗಿಟ್ಲೆ ತಿರುಗಿಸಿ ಕಿವಿಗೆ ಮೋಸ ಮಾಡುತ್ತಿದ್ದರು. ಬಡವರ ಕಾರ್ಡ್ ಅದು. ಅದನ್ನು ಕೈಯಲ್ಲಿ ಸ್ವರ ಸ್ವರ ನುಡಿಸಲು ಹೋಗಬೇಡಿ.

ಬ್ಯಾಂಡ್ ವಿಷಯ ನನಗೆ ಗೊತ್ತಿಲ್ಲ, ಗೊತ್ತಿರುವವರು ಹೇಳಲಿ.


ಎರಡನೇ_ಗಿಟಾರ್:

ಮೇಲಿನವರು ಹೇಳಿದ್ದಕ್ಕೆ ನೂರು ನಮಸ್ಕಾರ. ನಾನು ಹುಟ್ಟಿದ್ದು ಶಿವಮೊಗ್ಗ, ಈಗ ಬೆಂಗಳೂರು, ಹದಿನೈದು ವರ್ಷದಿಂದ ಬ್ಯಾಂಡ್‌ಗಳಲ್ಲಿ ಎರಡನೇ ಗಿಟಾರೇ ನುಡಿಸುತ್ತಿದ್ದೇನೆ. ಹಾಗಾಗಿ ನಿಮ್ಮ ಎರಡನೇ ಗಿಟಾರ್‌ನವರ ದುಃಖ ನನಗೆ ಚೆನ್ನಾಗಿ ಅರ್ಥ ಆಗುತ್ತದೆ.

ನೀವು ಎಲ್ಲರೂ ಮಾಡುವ ತಪ್ಪನ್ನೇ ಮಾಡಿರಬಹುದು. ಎರಡು ಚೌಕ ಅಲೆ ಇವೆ, ನಮ್ಮಲ್ಲಿ ಎರಡು ಗಿಟಾರ್ ಇವೆ. ತ್ರಿಕೋನ ಬಾಸ್‌ಗೆ, ಗದ್ದಲ ಡ್ರಮ್ಸ್‌ಗೆ. ಲೆಕ್ಕ ಸರಿ ಹೋಯ್ತು ಅಂತ ಹಂಚಿಬಿಡುವುದು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಕೇಳಲು ಸಪ್ಪೆ. ಯಾಕೆಂದರೆ ಆ ಸಂಗೀತ ಬರೆದವರು ಇದ್ದ ಐದು ದಾರಿಯಲ್ಲಿ ಒಂದು ದೊಡ್ಡ ಬ್ಯಾಂಡ್ ಇದೆ ಅನ್ನುವ ಭ್ರಮೆ ಹುಟ್ಟಿಸಲು ಒದ್ದಾಡಿದ್ದಾರೆ. ನೀವು ನುಡಿಸಬೇಕಾದ್ದು ಅವರ ಒದ್ದಾಟವನ್ನಲ್ಲ, ಅವರ ಮನಸ್ಸಿನಲ್ಲಿದ್ದ ಆ ದೊಡ್ಡ ಬ್ಯಾಂಡನ್ನು.

ನೀವು "ಅದೇ ರಾಗದ ನಕಲು" ಅಂದಿರಲ್ಲ, ಅದನ್ನೇ ನೋಡಿ. ಆ ಚಿಪ್ಪಿನಲ್ಲಿ ಎಕೋ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಎರಡನೇ ಚೌಕ ಅಲೆಯಲ್ಲಿ ಅದೇ ರಾಗವನ್ನು ಸ್ವಲ್ಪ ತಡವಾಗಿ, ಸಣ್ಣ ದನಿಯಲ್ಲಿ ಬಾರಿಸುತ್ತಿದ್ದರು. ಅದು ಎಕೋ, ಅಷ್ಟೇ. ನಿಮ್ಮ ಹತ್ತಿರ ಡಿಲೇ ಪೆಡಲ್ ಇದೆ ತಾನೇ? ಒಂದನೇ ಗಿಟಾರ್‌ಗೆ ಅದನ್ನು ಹಾಕಿ, ಎರಡನೇ ಗಿಟಾರ್‌ನವರು ಬಿಡುಗಡೆ. 60,000ವನ್ನು ನಿಮಿಷದ ಬೀಟ್‌ನಿಂದ ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. ಉದಾಹರಣೆಗೆ 150ರ ವೇಗದಲ್ಲಿ 400, ಅದರ ಅರ್ಧ 200ಕ್ಕೆ ಇಟ್ಟರೆ ಸರಿ ಕೂರುತ್ತದೆ. ಅದೇ ಟ್ಯೂನನ್ನು ನಮ್ಮ ಟಿವಿ ವೇಗಕ್ಕೆ ಇಳಿಸಿದರೆ 125, ಆಗ 240. ಪೆಡಲ್ ಬದಲಿಸಲು ಮರೆತರೆ ಎಲ್ಲ ಕಲಸುಮೇಲೋಗರ, ನನಗೆ ಆಗಿದೆ.

ಗರಗರ ಬಂದಲ್ಲಿ ಎರಡನೇ ಗಿಟಾರ್ ನೇರವಾಗಿ ಕಾರ್ಡ್ ಹಿಡಿಯಲಿ. ಆದರೆ ಪೂರ್ತಿ ಡಿಸ್ಟಾರ್ಷನ್ (ರಾಕ್ ಗಿಟಾರಿನ ಆ ಒಡೆದ ದನಿ) ಹಾಕಿಕೊಂಡು ಮೂರು ಸ್ವರದ ಕಾರ್ಡ್ ಹೊಡೆದರೆ ಕೆಸರು. ಡಿಸ್ಟಾರ್ಷನ್‌ನಲ್ಲಿ ಸ-ಪ ಚೆನ್ನಾಗಿ ನಿಲ್ಲುತ್ತದೆ, ಸ-ಗ ಸೇರಿಸಿದ ಕೂಡಲೇ ಗೊರಗೊರ. ಹಾಗಾಗಿ ಒಬ್ಬರು ಸ-ಪ ಹಿಡಿಯಿರಿ, ಗಾಂಧಾರವನ್ನು ಇನ್ನೊಬ್ಬರು ಒಂಟಿ ಸ್ವರವಾಗಿ ನುಡಿಸಿ. ಎರಡು ಬೇರೆ ಆಂಪ್‌ನಿಂದ (ಆಂಪ್ಲಿಫೈಯರ್) ಬಂದರೆ ಕೆಸರಾಗುವುದಿಲ್ಲ.

ಬಾಸ್‌ನವರಿಗೆ ಒಂದು ಮಾತು. ಆ ತ್ರಿಕೋನ ಅಲೆಗೆ ದನಿ ಜಾಸ್ತಿ ಕಡಿಮೆ ಮಾಡುವ ವ್ಯವಸ್ಥೆಯೇ ಇಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಹಳೇ ಗೇಮ್‌ಗಳ ಬಾಸ್ ಅಷ್ಟು ಕಟ್ಟುನಿಟ್ಟು. ಪಿಕ್ ಹಿಡಿದು ನುಡಿಸಲಿ, ಪ್ರತಿ ಸ್ವರವನ್ನೂ ಕೈಯಿಂದ ಕತ್ತರಿಸಲಿ. ಬೆರಳಲ್ಲಿ ಮೆತ್ತಗೆ ನುಡಿಸಿದರೆ ಕಾಂಟ್ರಾ ಕಾಂಟ್ರಾ ಅನಿಸುವುದಿಲ್ಲ. ನಿಮ್ಮ ಸಪ್ಪೆಗೆ ಅರ್ಧ ಕಾರಣ ಇದೇ ಅಂತ ನನ್ನ ಅನುಮಾನ.

ಇನ್ನು ಯಾವುದಕ್ಕೆ ರಾಕ್ ಒಗ್ಗುತ್ತದೆ, ಯಾವುದಕ್ಕೆ ಇಲ್ಲ. ಕಾಂಟ್ರಾ, ಕ್ಯಾಸಲ್‌ವೇನಿಯಾ, ಮೆಗಾ ಮ್ಯಾನ್ 2, ಈ ಆಟಗಳಲ್ಲಿ ಮೊದಲೇ ರಾಕ್ ಅಡಗಿ ಕೂತಿದೆ. 1988ರ ಮೆಗಾ ಮ್ಯಾನ್ 2ರಲ್ಲಿ ಖಳನಾಯಕ ಡಾಕ್ಟರ್ ವೈಲಿಯ ಕೋಟೆಯ ಟ್ಯೂನ್ ಕೇಳಿ, ಗಿಟಾರ್ ಇಲ್ಲದೆಯೇ ಗಿಟಾರ್ ಕೇಳಿಸುತ್ತದೆ. ಮಾರಿಯೋ ಹಾಗಲ್ಲ. 1985ರಲ್ಲಿ ಕೋಜಿ ಕೊಂಡೋ ಮಾಡಿದ್ದು ಲ್ಯಾಟಿನ್ ಕುಣಿತದ ಥರದ ಸಂಗೀತ, ನೀರಿನೊಳಗಿನ ಸ್ಟೇಜ್‌ಗೆ ಮೂರರ ತಾಳ. ಅದರ ಮೇಲೆ ಡಿಸ್ಟಾರ್ಷನ್ ಸುರಿದರೆ ಕಡುಬಿಗೆ ಟೊಮ್ಯಾಟೊ ಸಾಸ್ ಹಾಕಿದ ಹಾಗೆ. ಡಿಸ್ಟಾರ್ಷನ್ ತೆಗೆದು ಎರಡೂ ಗಿಟಾರ್ ಕ್ಲೀನ್ ಇಟ್ಟು ನೋಡಿ.

ಹೊರಗೆ ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಅಮೆರಿಕದ ಮಿನಿಬಾಸಸ್, ಪವರ್‌ಗ್ಲೋವ್ ಬ್ಯಾಂಡ್‌ಗಳನ್ನು ಕೇಳಿ. ಫೈನಲ್ ಫ್ಯಾಂಟಸಿ ಗೇಮ್‌ಗಳ ಸಂಗೀತ ಮಾಡಿದ ನೊಬುವೊ ಉಎಮಾತ್ಸು ತಮ್ಮದೇ ಟ್ಯೂನ್‌ಗಳನ್ನು ರಾಕ್ ಮಾಡಲು ಬ್ಲ್ಯಾಕ್ ಮೇಜಸ್ ಅನ್ನುವ ಬ್ಯಾಂಡ್‌ನಲ್ಲಿ ಕೀಬೋರ್ಡ್ ನುಡಿಸಿದರು, 2003, 2004, 2008ರಲ್ಲಿ ಮೂರು ಆಲ್ಬಂ ಬಂದವು. ನನಗೆ ಎಲ್ಲಕ್ಕಿಂತ ಇಷ್ಟ ಅಮೆರಿಕದ್ದೇ ಬಿಟ್ ಬ್ರಿಗೇಡ್. ಅವರ ಸ್ಟೇಜ್ ಮೇಲೆ ಒಬ್ಬ ಕೂತು ನಿಜವಾಗಿ ಗೇಮ್ ಆಡುತ್ತಾನೆ, ಹಿಂದೆ ಪರದೆ ಇರುತ್ತದೆ, ಬ್ಯಾಂಡ್ ಅವನ ಜೊತೆ ಓಡುತ್ತದೆ. ಅವನು ಸ್ಟೇಜ್ ಕೊನೆಯ ದೊಡ್ಡ ಶತ್ರುವಿನ ಹತ್ತಿರ ಹೋದರೆ ಇವರೂ ಆ ಶತ್ರುವಿನ ಟ್ಯೂನ್‌ಗೆ ಹಾರುತ್ತಾರೆ.


ಗೋಪಿ_ಸರ್ಕಲ್:

ಸುಮ್ನೆ ನಾಲ್ಕು ಒಳ್ಳೆ ಸಿನಿಮಾ ಹಾಡು ನುಡಿಸಿ ಊಟಕ್ಕೆ ಬಿಡಿ ಮಾರಾಯ್ರೇ. ಹಳೇ ವಿದ್ಯಾರ್ಥಿಗಳ ಕೂಟಕ್ಕೆ ಜನ ಬರುವುದು ಮಾತಾಡಲು, ಟೊಯ್ ಟೊಯ್ ಕೇಳಲು ಅಲ್ಲ. ಹೆಂಡತಿ ಮಕ್ಕಳಿಗೆ ಕಾಂಟ್ರಾ ಅಂದರೆ ಏನು ಗೊತ್ತು?


ದುರ್ಗಿಗುಡಿ_ಗಿಟಾರ್:

ಹೋದ ಸಲ ಅದನ್ನೇ ಮಾಡಿದೆವು. ಬೇರೆ ಊರಿನ ಒಂದು ಕಾರ್ಯಕ್ರಮ. ಎರಡನೇ ಹಾಡಿಗೆ ಆಯೋಜಕರೇ ಬಂದು ಮೈಕ್ ಕಿತ್ತುಕೊಂಡು ಊಟ ರೆಡಿ ಅಂತ ಹೇಳಿದರು. ಹಾಗಾಗಿ ಸಿನಿಮಾ ಹಾಡು ಸೇಫ್ ಅಂತೇನೂ ಇಲ್ಲ. ಹೆಂಡತಿ ಮಕ್ಕಳ ಪ್ರಶ್ನೆ ಮಾತ್ರ ಸರಿಯಾದದ್ದೇ, ಒಪ್ಪುತ್ತೇನೆ.


ಹಿಮ್ಮೇಳದವ:

ನನಗೆ ರಾಕ್ ಗೀಕ್ ಗೊತ್ತಿಲ್ಲ. ಹೊಸನಗರ ಕಡೆಯವನು, ಯಕ್ಷಗಾನದಲ್ಲಿ ಮದ್ದಲೆ ನುಡಿಸುತ್ತೇನೆ, ಬೇಕಾದರೆ ಚಂಡೆಗೂ ಕೂರುತ್ತೇನೆ. ಮಗ ಈ ಚರ್ಚೆ ತೋರಿಸಿದ. ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ಆಟ ಆಡುವಾಗ ಅರ್ಧ ಗಂಟೆ ಅದೇ ಟ್ಯೂನ್ ಕೇಳಿದರೂ ಬೋರ್ ಆಗಲ್ಲ, ಸ್ಟೇಜ್ ಮೇಲೆ ಯಾಕೆ ಆಗುತ್ತದೆ ಅಂತ ಕೇಳಿದ್ದೀರಿ. ನಮ್ಮಲ್ಲಿ ಒಂದು ಪದ್ಯ ಎಷ್ಟು ಹೊತ್ತು ಅಂತ ಯಾರೂ ಬರೆದಿಟ್ಟಿಲ್ಲ. ನಾಲ್ಕು ಸಾಲು ಇರಬಹುದು. ಎರಡು ನಿಮಿಷಕ್ಕೂ ಮುಗಿಯಬಹುದು, ಹತ್ತು ನಿಮಿಷವೂ ಹೋಗಬಹುದು. ವೇಷಧಾರಿ ಕುಣಿಯುತ್ತಿದ್ದಾನೆ, ಅವನ ಕಾಲು ಕಣ್ಣು ನೋಡುತ್ತಾ ಭಾಗವತರು ಅದೇ ಸಾಲನ್ನು ಮತ್ತೆ ಎತ್ತುತ್ತಾರೆ, ಮತ್ತೆ ಎತ್ತುತ್ತಾರೆ. ಜನಕ್ಕೆ ಬೇಜಾರಾಗುವುದಿಲ್ಲ, ಯಾಕೆಂದರೆ ಸಾಲು ಅದೇ ಆದರೂ ಎದುರಿಗೆ ನಡೆಯುತ್ತಿರುವುದು ಬೇರೆ. ಅವನಿಗೆ ಸಾಕು ಅನಿಸಿದಾಗ ಒಂದು ಸನ್ನೆ, ಭಾಗವತರು ತಾಳದಲ್ಲಿ ತೋರಿಸುತ್ತಾರೆ, ನಾವು ಮುಕ್ತಾಯ ಹಾಕುತ್ತೇವೆ. ಯುದ್ಧದ ಪದ್ಯ ಆದರೆ ಚಂಡೆ ಏರುತ್ತದೆ, ಕಾಲ ಏರುತ್ತದೆ. ವೇಷಧಾರಿಯನ್ನು ಒಳಗೆ ಕಳಿಸಿ ಬರೀ ಆ ಸಾಲನ್ನು ಎಂಟು ಸಲ ಹಾಡಿ ನೋಡಿ. ಜನ ಎದ್ದು ಚಹಾ ಅಂಗಡಿಗೆ ಹೋಗುತ್ತಾರೆ.

ನಿಮ್ಮ ಗೇಮಿನ ಸಂಗೀತವೂ ಇದೇ ಜಾತಿಯದ್ದು ಅಂತ ನನಗೆ ಕಾಣುತ್ತದೆ. ಅದು ಹಿಮ್ಮೇಳ. ನೀವು ಕುಣಿಯುವ ಮುಮ್ಮೇಳ ಇಲ್ಲದೆ ಬರೀ ಹಿಮ್ಮೇಳ ಕೂರಿಸಿಕೊಂಡು ಪ್ರಸಂಗ ಆಡಲು ಹೊರಟಿದ್ದೀರಿ. ಮೇಲೆ ಒಬ್ಬರು ಹೇಳಿದ ಆ ಅಮೆರಿಕದವರು ಮಾಡಿದ್ದು ಸರಿ. ಆಡುವವನನ್ನು ತಂದು ಎದುರಿಗೆ ಕೂರಿಸಿ.

ಕೂರಿಸಿದರೆ ಸಾಲದು, ಒಬ್ಬ ಭಾಗವತ ಬೇಕು. ನಾಲ್ಕೂ ಜನ ಪರದೆ ನೋಡುತ್ತಾ ನುಡಿಸಿದರೆ ನಾಲ್ಕು ಜನಕ್ಕೆ ನಾಲ್ಕು ಮುಕ್ತಾಯ. ಒಬ್ಬರು ಮಾತ್ರ ಪರದೆ ನೋಡಬೇಕು, ಉಳಿದ ಮೂವರು ಅವರನ್ನು ನೋಡಬೇಕು. ಟ್ಯೂನಿನ ಮಧ್ಯೆ ಎಲ್ಲೆಂದರಲ್ಲಿ ನಿಲ್ಲಿಸಿ ಬೇರೆಯದಕ್ಕೆ ಹೋಗುವ ಅಭ್ಯಾಸ ಮಾಡಿ. ನಮಗೆ ಕಷ್ಟ ಅನಿಸುವುದು ನುಡಿಸುವುದಲ್ಲ, ಚೆಂದ ಮಾಡಿ ನಿಲ್ಲಿಸುವುದು. ಎರಡು ಬಗೆಯ ಮುಕ್ತಾಯ ಇಟ್ಟುಕೊಳ್ಳಿ. ಒಂದು, ಆವರ್ತ ಪೂರ್ತಿ ಮಾಡಿ ಮುಗಿಸುವುದು. ಇನ್ನೊಂದು, ತಲೆ ಕಡಿದ ಹಾಗೆ ಅಲ್ಲೇ ನಿಲ್ಲಿಸುವುದು. ಆಡುವವನು ಸತ್ತರೆ ಎರಡನೆಯದು ಬೇಕಾಗುತ್ತದೆ ಅಲ್ವಾ?

ಇಷ್ಟು ಉದ್ದ ಟೈಪ್ ಮಾಡಿಕೊಟ್ಟವನು ಮಗ. ಕಾಗುಣಿತ ತಪ್ಪಿದ್ದರೆ ಅವನದು.


ಎರಡನೇ_ಗಿಟಾರ್:

ನಾನು ಹದಿನೈದು ವರ್ಷದಲ್ಲಿ ಕಲಿಯದ್ದನ್ನು ಮದ್ದಲೆಯವರು ಒಂದು ಪೋಸ್ಟ್‌ನಲ್ಲಿ ಹೇಳಿದರು. ಮಾರಿಯೋ ಇದಕ್ಕೆ ಹೇಳಿ ಮಾಡಿಸಿದ ಆಟ. ಸತ್ತರೆ ಟ್ಯೂನ್ ತಟ್ಟನೆ ನಿಂತು ಸಾವಿನ ತುಣುಕು ಬರುತ್ತದೆ, ಆಮೇಲೆ ಮತ್ತೆ ಮೊದಲಿನಿಂದ. ನಕ್ಷತ್ರ ತಿಂದರೆ ಬೇರೆ ಟ್ಯೂನ್. ಕೊಳವೆಯೊಳಗೆ ಇಳಿದರೆ ಬೇರೆ. ಟೈಮ್ 100ಕ್ಕೆ ಇಳಿದರೆ ಅದೇ ಟ್ಯೂನ್ ಓಡಲು ಶುರು ಮಾಡುತ್ತದೆ, ಅದೇ ನಿಮ್ಮ ಯುದ್ಧದ ಪದ್ಯ!


ಸಾಗರದ_ರಿಪೇರಿ:

ಆ 100ರ ವಿಷಯದಲ್ಲಿ ಲೆಕ್ಕ ನೋಡಿಕೊಳ್ಳಿ. ಮೊದಲ ಸ್ಟೇಜ್‌ನಲ್ಲಿ ಟೈಮ್ 400ರಿಂದ ಶುರು. ಆ ಎಣಿಕೆ ಸೆಕೆಂಡ್ ಅಲ್ಲ, ಪರದೆ 24 ಸಲ ಬರೆದರೆ ಒಂದು ಇಳಿಯುತ್ತದೆ. 60ರ ಸೆಟ್‌ನಲ್ಲಿ 100 ಮುಟ್ಟಲು ಎರಡು ನಿಮಿಷ, ನಮ್ಮ 50ರ ಸೆಟ್‌ನಲ್ಲಿ 144 ಸೆಕೆಂಡ್. ಚೆನ್ನಾಗಿ ಆಡುವವರು ಅಷ್ಟರೊಳಗೆ ಬಾವುಟ ಹಿಡಿದು ಕೋಟೆ ಸೇರಿರುತ್ತಾರೆ. ಹಾಗಾಗಿ ಆಡುವವರಿಗೆ ಮೊದಲೇ ಹೇಳಿ, ಸುತ್ತಾಡಿಕೊಂಡು ಬಾ ಅಂತ.

ಇನ್ನೊಂದು. "ಗುಂಡಿನ ಸದ್ದು ಇರಲಿ, ಮ್ಯೂಸಿಕ್ ಮಾತ್ರ ಬೇಡ" ಅಂತ ಹಳೇ ಸೆಟ್‌ನಲ್ಲಿ ಮಾಡಲು ಆಗುವುದಿಲ್ಲ. ಸದ್ದುಗಳು ಸಂಗೀತದ ದಾರಿಯನ್ನೇ ಕದ್ದುಕೊಂಡು ಬರುತ್ತವೆ. ಮಾರಿಯೋ ಹಾರಿದಾಗ ಒಂದು ದಾರಿ ಆ ಸದ್ದಿಗೆ ಹೋಗಿಬಿಡುತ್ತದೆ. ಟಿವಿ ದನಿ ಪೂರ್ತಿ ಬಂದ್ ಮಾಡಿ.


ಮೈಕ್_ಸೆಟ್_ಬಿಎಚ್_ರೋಡ್:

ಸೌಂಡ್ ಕೆಲಸ ಮಾಡುವವನು. ಸಂಗೀತದ ಬಗ್ಗೆ ನೀವು ನೋಡಿಕೊಳ್ಳಿ, ಕರೆಂಟಿನ ಬಗ್ಗೆ ನಾನು ಹೇಳುತ್ತೇನೆ. ಡಿಸೆಂಬರ್ ಆದರೂ ಕರೆಂಟ್ ಹೋಗುತ್ತದೆ. ಹಾಲ್‌ನಲ್ಲಿ ಜನರೇಟರ್ ಇದ್ದರೂ ಅದು ಹಿಡಿದುಕೊಳ್ಳಲು ಕೆಲವು ಸೆಕೆಂಡ್ ಬೇಕು. ಆಂಪ್ ಆರಿ ಹತ್ತಿದರೆ ಪರವಾಗಿಲ್ಲ, ಜನ ಕೂಗುತ್ತಾರೆ ಅಷ್ಟೇ. ಆದರೆ ಆ ಗೇಮ್ ಸೆಟ್ ಆರಿದರೆ ಮತ್ತೆ ಮೊದಲಿನಿಂದ ಆಡಬೇಕು. ಗೇಮ್ ಸೆಟ್‌ಗೆ, ಪ್ರೊಜೆಕ್ಟರ್‌ಗೆ ಮಾತ್ರ ಒಂದು ಯುಪಿಎಸ್ ಹಾಕಿ. ಆಂಪ್‌ಗಳನ್ನು ಅದಕ್ಕೆ ಸಿಕ್ಕಿಸಬೇಡಿ, ಕುಸಿಯುತ್ತದೆ.

ಪ್ರೊಜೆಕ್ಟರ್ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಅದನ್ನು ನೋಡಿ ಆಡಿದರೆ ಮಾರಿಯೋ ಗುಂಡಿಗೇ ಬೀಳುವುದು. ಹಳೇ ಡಬ್ಬಾ ಟಿವಿ ಒಂದು ಸಿಕ್ಕರೆ ಆಡುವವರ ಮುಂದೆ ಇಡಿ, ಅದರಲ್ಲಿ ತಡ ಇಲ್ಲ. ನಿಮ್ಮ ಭಾಗವತರೂ ಅದೇ ಟಿವಿ ನೋಡಲಿ, ದೊಡ್ಡ ಪರದೆ ಜನಕ್ಕೆ ಮಾತ್ರ. ಜನಕ್ಕೆ ತಡ ಆದರೆ ತೊಂದರೆ ಇಲ್ಲವಾ ಅಂತ ಕೇಳಬಹುದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂವತ್ತು ಮೀಟರ್ ಹಿಂದೆ ಕೂತವರಿಗೆ ನಿಮ್ಮ ಡ್ರಮ್ಸ್ ಹತ್ತಿರ ಹತ್ತಿರ 90 ಮಿಲಿಸೆಕೆಂಡ್ ತಡವಾಗಿಯೇ ಕೇಳುವುದು. ಪ್ರೊಜೆಕ್ಟರೂ ತಡ, ಶಬ್ದವೂ ತಡ, ಹಿಂದಿನ ಸಾಲಿನವರಿಗೆ ಎರಡೂ ಹೆಚ್ಚುಕಮ್ಮಿ ಕೂಡಿಕೊಳ್ಳುತ್ತವೆ.

ಲೈಸೆನ್ಸ್ ವಿಷಯ ಆಯೋಜಕರ ಹತ್ತಿರ ಈಗಲೇ ಮಾತಾಡಿಕೊಳ್ಳಿ. ಬೇರೆಯವರ ಸಂಗೀತ ತಾನೇ. ಕಾರ್ಯಕ್ರಮ ಬಯಲಿಗೆ ಬಂದರೆ ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವಂತಿಲ್ಲ, ಅದೂ ನೆನಪಿರಲಿ.

ಗೋದಾಮಿನಲ್ಲಿ ಗಿಟಾರ್ ಬಿಟ್ಟು ಬರುತ್ತೀರಾ? ಮಾಡಬೇಡಿ. ಈ ಮಳೆಯಲ್ಲಿ ಮರ ನೀರು ಕುಡಿದು ನೆಕ್ ಬಾಗುತ್ತದೆ, ತಂತಿಗೆ ತುಕ್ಕು, ಬ್ಯಾಗ್‌ಗೆ ಬೂಷ್ಟು. ನಾನು ಬೀರುವಿನಲ್ಲಿ ಒಂದು ಹಳೇ ಬಲ್ಬ್ ಉರಿಸಿಟ್ಟು ಅದರಲ್ಲಿ ಮೈಕ್ ಇಡುತ್ತೇನೆ.


ದುರ್ಗಿಗುಡಿ_ಗಿಟಾರ್:

ಮೂರು ಭಾನುವಾರ ಆಯ್ತು, ಏನಾಯ್ತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಕಾಂಟ್ರಾ ಬದುಕಿತು. ಬಾಸ್‌ನವನಿಗೆ ಪಿಕ್ ಕೊಟ್ಟೆವು. ಮೊದಲು ಹೋ ಅಂದ, ಬೆರಳಲ್ಲಿ ನುಡಿಸುವವರಿಗೆ ಅದು ಅವಮಾನವಂತೆ. ಎರಡು ಸುತ್ತು ಆದಮೇಲೆ ಅವನೇ ನಗಲು ಶುರು ಮಾಡಿದ. ಎರಡನೇ ಗಿಟಾರ್ ಗರಗರ ಬಿಟ್ಟು ಸ-ಪ ಹಿಡಿದ ಕೂಡಲೇ ಗೋದಾಮಿನ ತಗಡು ಅಲ್ಲಾಡಿತು. ವೇಗದ ಜಗಳಕ್ಕೆ ರಾಜಿ ಆಗಿದೆ. ಮೊದಲ ಸುತ್ತು ನಮ್ಮ ಟಿವಿಯ ವೇಗದಲ್ಲಿ, ಎರಡೇ ಗಿಟಾರ್. ಆಮೇಲೆ ಡ್ರಮ್ಮರ್ ಒಂದು ರೋಲ್ ಹೊಡೆದು ಜಪಾನಿನ ವೇಗಕ್ಕೆ ಎಳೆದುಕೊಂಡು ಹೋಗುತ್ತಾನೆ. ಅವನಿಗೆ ತಾನು ಗೆದ್ದೆ ಅನ್ನುವ ಸಂತೋಷ, ನಮಗೂ ಅದೇ.

ಕ್ಯಾಸಲ್‌ವೇನಿಯಾ ಕೈಬಿಟ್ಟೆವು. ಸಂಗೀತ ಚೆನ್ನಾಗಿದೆ, ಆದರೆ ನಮ್ಮ ನಾಲ್ಕು ಜನರಲ್ಲಿ ಯಾರೂ ಚಿಕ್ಕವರಿದ್ದಾಗ ಆಡಿಲ್ಲ. ನುಡಿಸುವಾಗ ಬೇರೆಯವರ ಮದುವೆಗೆ ಹೋಗಿ ಕೂತ ಹಾಗೆ ಇತ್ತು.

ಮಾರಿಯೋಗೆ ಬಾಸ್‌ನವನ ಮಗಳನ್ನು ಕೂರಿಸಿದೆವು, ಹನ್ನೆರಡು ವರ್ಷ. ಸದ್ಯಕ್ಕೆ ಲ್ಯಾಪ್‌ಟಾಪ್‌ನಲ್ಲಿ ಆಡುತ್ತಿದ್ದಾಳೆ. ಭಾಗವತಿಕೆ ಬಾಸ್‌ನವನಿಗೇ ಕೊಟ್ಟಿದ್ದೇವೆ, ಮೇಷ್ಟ್ರಲ್ವಾ, ಎಲ್ಲರೂ ಅವನ ಮುಖ ನೋಡುವುದು ಅಭ್ಯಾಸ ಇದೆ. ಗಿಟಾರಿನ ತಲೆ ಮೇಲೆತ್ತಿದರೆ ಆವರ್ತ ಮುಗಿಸಿ ಬದಲಿಸು, ಕೆಳಗೆ ಒಗೆದರೆ ಅಲ್ಲೇ ನಿಲ್ಲಿಸು. ಮೊದಲ ಸಲ ಶುರು ಮಾಡಿದೆವು. ಹುಡುಗಿ ಸೀದಾ ಹೋಗಿ ಮೊದಲು ಎದುರಾಗುವ ಶತ್ರು ಗೂಂಬಾಗೇ ಡಿಕ್ಕಿ ಹೊಡೆದು ಸತ್ತಳು. ನಾವು ನಾಲ್ಕೂ ಜನ ತಲೆ ತಗ್ಗಿಸಿಕೊಂಡು ಬಹಳ ಚೆಂದ ಮಾಡಿ ನುಡಿಸುತ್ತಲೇ ಇದ್ದೆವು. ಅವಳು ಹಿಂದೆ ತಿರುಗಿ "ಅಪ್ಪ, ನಾನ್ ಸತ್ತೋದೆ" ಅಂದಳು. ಅಡಿಕೆ ಚೀಲ ಹೊರುವವರು ಇಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅವರಿಗೆ ಕಾಂಟ್ರಾ ನುಡಿಸಿದಾಗ ನಗು ಬಂದಿರಲಿಲ್ಲ, ಇದಕ್ಕೆ ಬಿದ್ದು ಬಿದ್ದು ನಕ್ಕರು. ಆಮೇಲೆ ಅವಳು ಸಾಯುವುದನ್ನೇ ಕಾಯುತ್ತಾ ನಿಂತರು. ಗೋಪಿ ಸರ್ಕಲ್‌ನವರ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು.

ಆ 144 ಸೆಕೆಂಡ್ ಸುತ್ತಾಡುವುದು ಅವಳಿಗೆ ಬೋರ್ ಅಂತೆ. ಕೊನೆಗೆ ಅವಳೇ ದಾರಿ ಹೇಳಿದಳು. ಮೊದಲ ಸ್ಟೇಜ್‌ನ ಕೊಳವೆಯೊಳಗೆ ಇಳಿದು ನಾಣ್ಯ ಎಲ್ಲ ತಿಂದು ಬರುತ್ತಾಳೆ, ಆಗ ನಾವು ನೆಲದಡಿ ಟ್ಯೂನ್‌ಗೆ ಹೋಗುತ್ತೇವೆ. ಮೇಲೆ ಬಂದಮೇಲೆ ಬಾವುಟದ ಹತ್ತಿರ ನಿಂತು ಜನರ ಕಡೆ ತಿರುಗಿ ಕಾಯುತ್ತಾಳೆ, ಟೈಮ್ 100 ಮುಟ್ಟಲಿ ಅಂತ. ಜನ ಕೂಗುತ್ತಾರೆ ಅಂತ ಅವಳ ನಂಬಿಕೆ. ಅಷ್ಟು ಹೊತ್ತು ನಾನು ಸೋಲೋ ನುಡಿಸಬೇಕಂತೆ, ಅದೂ ಅವಳದ್ದೇ ತೀರ್ಮಾನ.

ಈಗ ಉಳಿದಿರುವುದು ಒಂದೇ. ಲ್ಯಾಪ್‌ಟಾಪ್ ಬೇಡ, ಹಳೇ ಸೆಟ್ಟೇ ಬೇಕು, ಕ್ಯಾಸೆಟ್ ಊದುವುದು ಸ್ಟೇಜ್ ಮೇಲೆ ಕಾಣಬೇಕು ಅಂತ ಎಲ್ಲರ ಆಸೆ. ನಡೆಯುವ ಸ್ಥಿತಿಯಲ್ಲಿರುವ ಒಂದು ಸೆಟ್, ಮಾರಿಯೋ ಕ್ಯಾಸೆಟ್ ಜೊತೆ, ಯಾರ ಅಟ್ಟದಲ್ಲಾದರೂ ಇದೆಯಾ? ಒಂದು ದಿನಕ್ಕೆ ಸಾಕು, ವಾಪಸ್ ತಂದುಕೊಡುತ್ತೇವೆ.


ಸಾಗರದ_ರಿಪೇರಿ:

ನನ್ನ ಹತ್ತಿರ ಎರಡು ಇವೆ, ಬಂದು ತೆಗೆದುಕೊಂಡು ಹೋಗಿ, ಅಡಾಪ್ಟರ್ ನೀವೇ ತನ್ನಿ. ಒಂದು ಸರಿ ಇದೆ. ಇನ್ನೊಂದರಲ್ಲಿ ಬಿ ಬಟನ್ ಒತ್ತಿದರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಮಾರಿಯೋ ನಡೆಯುವುದೇ ಇಲ್ಲ, ಬರೀ ಓಡುತ್ತಾನೆ. ಅದನ್ನು ಡ್ರಮ್ಮರ್‌ಗೆ ಕೊಡಿ.